ರಜಿಸ್ಟರಿನಲ್ಲಿ ಇಲ್ಲದ ಗಂಟೆ

ಹೋದ ತಿಂಗಳು ನನ್ನ ಹಳೆಯ ಸ್ಟೇಶನ್ನಿನಿಂದ ಫೋನ್ ಬಂತು. ಈಗ ಅಲ್ಲಿ ಸ್ಟೇಶನ್ ಮಾಸ್ತರಾಗಿರುವವಳು ಅಥಣಿ ಕಡೆಯ ಹೆಣ್ಣುಮಗಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ನನ್ನ ನಂಬರನ್ನು ಯಾರಿಂದಲೋ ಹುಡುಕಿ ತೆಗೆದಿದ್ದಳು.

"ಸರ್, ಪ್ಲಾಟ್‌ಫಾರ್ಮ್ ಮಾಡಿನ ತೊಲಿಗೆ ಒಂದು ದಪ್ಪನ ಕಬ್ಬಿಣದ ಕೊಂಡಿ ಐತ್ರಿ. ಅದಕ್ಕೂ ಹಳದಿ ಬಣ್ಣ ಹಚ್ಯಾರ. ಯಾತಕ್ಕ ಐತಿ ಅಂತ ಕೇಳಿದ್ರ ಇಲ್ಲಿ ಯಾರಿಗೂ ಗೊತ್ತಿಲ್ರಿ. ನಿಮಗೇನರ ಗೊತ್ತೈತೇನ್ರಿ?"

"ಇಲ್ಲವಾ, ಗೊತ್ತಿಲ್ಲ," ಎಂದೆ.

ಫೋನ್ ಇಟ್ಟ ಮೇಲೆ ಚಿಕ್ಕೋಡಿಯ ನನ್ನ ಮನೆಯ ಕಟ್ಟೆಯ ಮೇಲೆ ಒಂದು ತಾಸು ಕೂತೆ. ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ಆ ಕೊಂಡಿಗೆ ತೂಗಿದ್ದ ಹಳಿಯ ತುಂಡನ್ನು ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತಾರು ಸಲ ಬಾರಿಸಿದವನು ನಾನು. ಆ ಗಂಟೆಯ ಬಗ್ಗೆ ನಾನು ಸುಳ್ಳು ಹೇಳಿದ್ದು ಇದೇ ಮೊದಲಲ್ಲ. ಮೊದಲ ಸಲ ಹೇಳಿದ್ದು ಸರಕಾರಿ ಕಾಗದದ ಮೇಲೆ, ಸಹಿ ಶಿಕ್ಕೆ ಸಮೇತ.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಆ ಹೆಣ್ಣುಮಗಳಿಗೂ, ಅವಳ ಹಾಗೆ ಹಸಿರು ಬಾವುಟ ಹಿಡಿಯಲು ಹೊಸದಾಗಿ ಬರುವವರಿಗೂ. ನಿವೃತ್ತರು ಬರೆಯಲು ಕೂತರೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂದು ಶುರು ಮಾಡುತ್ತಾರೆ. ನನ್ನ ಬಡ್ತಿಗಳಿಂದ ನಿಮಗೇನೂ ಆಗಬೇಕಿಲ್ಲ. ಸ್ಟೇಶನ್ನಿನ ಹೆಸರನ್ನೂ ಬರೆಯುವುದಿಲ್ಲ, ಬರೆದರೆ ಈಗ ಅಲ್ಲಿರುವವರಿಗೆ ವಿವರಣೆ ಕೇಳಿ ಪತ್ರ ಬರುತ್ತದೆ. ರಾಯಬಾಗ ತಾಲೂಕಿನಲ್ಲಿ, ಒಂದು ಕಡೆ ಕಬ್ಬು, ಇನ್ನೊಂದು ಕಡೆ ಬೋಳು ಗುಡ್ಡ ಇರುವ ಸಣ್ಣ ಸ್ಟೇಶನ್ ಎಂದು ತಿಳಿದುಕೊಂಡರೆ ಸಾಕು. ಊರು ಅಲ್ಲಿಂದ ಮೂರು ಕಿಲೋಮೀಟರ್ ದೂರ. ದಿನಕ್ಕೆ ನಾಲ್ಕು ಪ್ಯಾಸೆಂಜರ್ ಗಾಡಿ ನಿಲ್ಲುತ್ತಿದ್ದವು, ಉಳಿದವು ನಮ್ಮ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದವು.

ನಾನು ಅಲ್ಲಿಗೆ ಬಂದ ಮೊದಲ ವಾರವೇ ಒಂದು ಘನಕಾರ್ಯ ಮಾಡಿದೆ. ಆ ಸ್ಟೇಶನ್ನಿನಲ್ಲಿ ಗಂಟೆಗೆ ಒಂದು ರೂಢಿ ಇತ್ತು. ಮೂರು ಸಲ ಬಾರಿಸಿದರೆ ಗಾಡಿ ಹಿಂದಿನ ಸ್ಟೇಶನ್ ಬಿಟ್ಟಿದೆ, ಬರುತ್ತಿದೆ ಎಂದು. ಎರಡು ಸಲ ಬಾರಿಸಿದರೆ ಗಾಡಿ ಹೋಯಿತು, ಹಳಿ ಖಾಲಿ ಎಂದು. ಪಾಯಿಂಟ್ಸ್‌ಮನ್ ದಸ್ತಗೀರ ಇದನ್ನು ನನಗೆ ಹೇಳಿಕೊಟ್ಟಿದ್ದ. ಹಳಿ ಕೂಡಿಸುವುದು, ಬಾವುಟ ತೋರಿಸುವುದು, ದೀಪ ಹಚ್ಚುವುದು ಎಲ್ಲ ಅವನದೇ ಕೆಲಸ. ನನಗಿಂತ ಐದು ವರ್ಷ ಮೊದಲು ಅಲ್ಲಿಗೆ ಬಂದವನು. ಅವನು ಹೇಳಿಕೊಟ್ಟದ್ದನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಮಿರಜಿನ ಗಾಡಿ ಬರುವ ಹೊತ್ತಿಗೆ ಮೂರರ ಬದಲು ಎರಡು ಬಾರಿಸಿ ಒಳಗೆ ಹೋದೆ. ಮಿರಜಿಗೆ ಮೊಸರು, ಕಾಯಿಪಲ್ಲೆ ಒಯ್ಯುವ ಹೆಂಗಸರು ಹೊಲದ ಬದುವಿನ ಮೇಲೆ ಬರುತ್ತಿದ್ದವರು ಎರಡು ಪೆಟ್ಟು ಕೇಳಿ ಗಾಡಿ ಹೋಯಿತೆಂದು ಅಲ್ಲಿಂದಲೇ ತಿರುಗಿದರು. ದಸ್ತಗೀರ ಓಡಿಬಂದು ಹೇಳಿದ ಮೇಲೆ ಬಿಳಿ ಸಮವಸ್ತ್ರದಲ್ಲಿ ನಾನು ಅವರ ಹಿಂದೆ ಕಬ್ಬಿನ ಹೊಲದಲ್ಲಿ ಓಡಿದೆ. ಗಾಡಿಯನ್ನು ಎರಡು ನಿಮಿಷ ನಿಲ್ಲಿಸಿಕೊಂಡು ಅವರನ್ನು ಹತ್ತಿಸಿದ್ದಾಯಿತು. ಹತ್ತುವಾಗ ಒಬ್ಬ ಮುದುಕಿ ತಲೆಯ ಮೇಲಿನ ಗಡಿಗೆಯನ್ನು ಕೆಳಗಿಳಿಸದೆಯೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಮಾಸ್ತರ, ನಮ್ಮ ಕೈಯಾಗ ಗಡಿಯಾರ ಇಲ್ಲ. ಗಂಟೀನ ಸುಳ್ಳ ಹೇಳಿದ್ರ ನಾವು ಯಾರನ್ನ ನಂಬೂದೋ ತಮ್ಮಾ?"

ಆಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ನನ್ನ ಗಂಟೆ ಮತ್ತೆ ಸುಳ್ಳು ಹೇಳಿತು. ಅದನ್ನು ಹೇಳಲೆಂದೇ ಇಷ್ಟೆಲ್ಲ ಪೀಠಿಕೆ.

ಗಂಟೆ ಹೆಂಗಸರಿಗೆ ಮಾತ್ರ ಬೇಕಾಗಿದ್ದಲ್ಲ. ಪ್ಲಾಟ್‌ಫಾರ್ಮ್ ಮುಗಿದು ಮಿರಜಿನ ಕಡೆ ಇನ್ನೂರು ಹೆಜ್ಜೆಯಲ್ಲಿ ಹಳಿಯ ಮೇಲೆ ಒಂದು ಹಾದಿ ದಾಟುತ್ತಿತ್ತು. ಗೇಟಿಲ್ಲ, ಕಾವಲುಗಾರನಿಲ್ಲ, ಎರಡೂ ಕಡೆ ಒಂದೊಂದು ಬಿಳಿ ಕಲ್ಲು ಅಷ್ಟೇ. ಆ ಹಾದಿಯಲ್ಲಿ ಕುರಿ ದಾಟುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಬಂದು ಕಬ್ಬು ಕಡಿದ ಹೊಲಗಳಲ್ಲಿ ಕುರಿ ತರುಬುತ್ತಿದ್ದರು, ಹೊಲಕ್ಕೆ ಗೊಬ್ಬರವಾಗಲೆಂದು. ತಂಗುವುದು ಹಳಿಯ ಈ ಕಡೆ, ಮೇವು ಇರುವುದು ಆ ಕಡೆಯ ಗುಡ್ಡದಲ್ಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಿಂಡು ಹಳಿ ದಾಟಲೇಬೇಕು. ಎರಡು ಮೂರು ತಿಂಗಳು ಹೀಗೆ ಇದ್ದು ಕೃಷ್ಣೆ ದಾಟಿ ಮಹಾರಾಷ್ಟ್ರದ ಕಡೆ ಹೋಗುತ್ತಿದ್ದರು.

ಬೀರಪ್ಪ ಎಂಬ ಕುರಿಗಾರ ಪ್ರತಿವರ್ಷ ತಪ್ಪದೆ ಬರುತ್ತಿದ್ದ. ಜೊತೆಗೆ ಹೆಂಡತಿ ಲಗಮವ್ವ, ಒಂದು ನಾಯಿ, ಹಿಂಡಿನ ಮುಂದೆ ಒಂದು ಕರಿ ಹೋತ. ಆ ಹೋತಕ್ಕೆ ಬೀರಪ್ಪ ಮರಾಠಿಯಲ್ಲಿ ಸಾವಳ್ಯಾ, ಅಂದರೆ ಕಪ್ಪಗಿರುವವನು, ಎಂದು ಹೆಸರಿಟ್ಟಿದ್ದ. ಬಿಳಿ ಕಲ್ಲಿನ ಹತ್ತಿರ ಬಂದ ಕೂಡಲೇ ಸಾವಳ್ಯಾ ನಿಲ್ಲುತ್ತಿತ್ತು, ಹಿಂದೆ ಇಡೀ ಹಿಂಡು ನಿಲ್ಲುತ್ತಿತ್ತು. ನಾನೋ ದಸ್ತಗೀರನೋ ಎರಡು ಪೆಟ್ಟು ಬಾರಿಸಿದ ಕೂಡಲೇ ಯಾರೂ ಹೇಳದೆ ಹೋತ ಹಳಿಯ ಮೇಲೆ ಕಾಲಿಡುತ್ತಿತ್ತು.

"ನನ್ನ ಮಾತ ಕೇಳೂದಿಲ್ರಿ ಇದು, ನಿಮ್ಮ ಗಂಟಿ ಕೇಳತೈತಿ," ಎನ್ನುತ್ತಿದ್ದ ಬೀರಪ್ಪ. "ನೌಕರಿ ರೈಲ್ವೇದಾಗ ಹಚ್ಚಿಬಿಡ್ರಿ ಇದನ್ನ."

ಆಗ ಒಂದೇ ಹಳಿ. ಒಂಟಿ ಹಳಿಯಲ್ಲಿ ನಾನು ಒಪ್ಪಿಗೆ ಕೊಡದೆ ಆ ಕಡೆಯಿಂದ ಗಾಡಿ ಬರುವಂತಿಲ್ಲ, ಈ ಕಡೆಯಿಂದ ಹೋಗುವಂತಿಲ್ಲ. ಎರಡು ಪೆಟ್ಟು ಬಾರಿಸಿದೆನೆಂದರೆ ಹಳಿ ಖಾಲಿ ಎಂಬುದು ಖಾತ್ರಿ. ಯಾವ ನಿಯಮ ಪುಸ್ತಕದಲ್ಲೂ ಕುರಿಗಾಗಿ ಗಂಟೆ ಬಾರಿಸಬೇಕೆಂದು ಇರಲಿಲ್ಲ. ನನ್ನ ಹಿಂದಿನವರು ಬಾರಿಸುತ್ತಿದ್ದರು, ನಾನೂ ಬಾರಿಸಿದೆ. ಅಷ್ಟು ವರ್ಷದಲ್ಲಿ ಒಂದು ಮರಿಯೂ ಹಳಿಗೆ ಸಿಗಲಿಲ್ಲ.

ಈಗ ಮೇಲಿನವರ ವಿಷಯಕ್ಕೆ ಬರುತ್ತೇನೆ. ವರ್ಷಕ್ಕೊಮ್ಮೆ ದೊಡ್ಡ ಸಾಹೇಬರ ತಪಾಸಣೆ. ಒಂದು ವರ್ಷ ಎಲ್ಲ ಸ್ಟೇಶನ್ನಿನಲ್ಲೂ ಹೂವಿನ ಕುಂಡ ಇರಬೇಕೆಂದು ಆದೇಶ ಬಂತು. ಕುಂಡ ಮಾತ್ರ ಬರಲಿಲ್ಲ. ಕಡೆಗೆ ಆದದ್ದೇನೆಂದರೆ, ಹಿಂದಿನ ಸ್ಟೇಶನ್ನಿನಲ್ಲಿ ಸಾಹೇಬರು ಚಹಾ ಕುಡಿಯಲು ಒಳಗೆ ಕೂತಾಗ ಅಲ್ಲಿನ ಹನ್ನೆರಡು ಕುಂಡಗಳನ್ನು ಟೆಂಪೋದಲ್ಲಿ ಹಾಕಿ ನಮ್ಮಲ್ಲಿಗೆ ಓಡಿಸಿದರು. ನಮ್ಮಲ್ಲಿ ಸಾಹೇಬರು ರಜಿಸ್ಟರ್ ನೋಡುವಾಗ ಅವೇ ಕುಂಡಗಳು ಮುಂದಿನ ಸ್ಟೇಶನ್ನಿಗೆ ಹೊರಟವು. ಮೂರೂ ಕಡೆ ಸಾಹೇಬರು "ಚೆಂಡುಹೂವು ಚೆನ್ನಾಗಿ ಬೆಳೆಸಿದ್ದೀರಿ" ಎಂದು ಬರೆದು ಹೋದರು. ನಾವೂ ನಕ್ಕೆವು. ಆದರೆ ನಗುವ ವಿಷಯ ಅದಲ್ಲ ಎಂದು ಆಮೇಲೆ ತಿಳಿಯಿತು.

ನಮ್ಮ ಸಾಮಾನು ರಜಿಸ್ಟರಿನಲ್ಲಿ ಒಂದು ತಣ್ಣೀರಿನ ಯಂತ್ರ ಇತ್ತು. ರಜಿಸ್ಟರಿನಲ್ಲಿ ಮಾತ್ರ ಇತ್ತು. ಎಲ್ಲಿಂದಲೋ ಕಳಿಸಿದ್ದರಂತೆ, ನಡುವೆ ಎಲ್ಲಿಯೋ ಇಳಿದುಹೋಯಿತಂತೆ. ಬೇಸಿಗೆಯಲ್ಲಿ ಪ್ರಯಾಣಿಕರು ಕುಡಿಯುತ್ತಿದ್ದದ್ದು ದಸ್ತಗೀರ ಬಾವಿಯಿಂದ ಹೊತ್ತು ತಂದು ತುಂಬಿಡುತ್ತಿದ್ದ ಎರಡು ಮಣ್ಣಿನ ಹರವಿಯ ನೀರು. ಒಂದು ವರ್ಷ ಪ್ರಾಮಾಣಿಕನಾಗೋಣವೆಂದು ಆ ಸಾಲಿನ ಮುಂದೆ "ಇಲ್ಲ" ಎಂದು ಬರೆದೆ. ಎಂಟು ದಿನಕ್ಕೆ ಪತ್ರ ಬಂತು: ತಮ್ಮ ವಶದಲ್ಲಿದ್ದ ಯಂತ್ರ ಎಲ್ಲಿ ಹೋಯಿತು, ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ವಿವರಣೆ ಕೊಡಿ. ನಾಲ್ಕು ತಿಂಗಳು ಪತ್ರ ಬರೆದು ಬರೆದು ಸಾಕಾಗಿ, ಮುಂದಿನ ವರ್ಷ "ಇದೆ, ಸುಸ್ಥಿತಿಯಲ್ಲಿದೆ" ಎಂದು ಬರೆದೆ. ಎಲ್ಲರಿಗೂ ಸಮಾಧಾನವಾಯಿತು. ನಾನು ನಿವೃತ್ತನಾಗುವ ದಿನವೂ ಅದು ಸುಸ್ಥಿತಿಯಲ್ಲಿಯೇ ಇತ್ತು.

ಗಂಟೆಗೆ ಇದರ ತದ್ವಿರುದ್ಧ ಆಯಿತು. ನಮ್ಮ ಸ್ಟೇಶನ್ನಿಗೆ ತಾನೇ ಮಾತಾಡುವ ಘೋಷಣೆಯ ಯಂತ್ರ ಬಂತು. ಬಂದ ಕೂಡಲೇ, ಗಂಟೆ ನಿರುಪಯುಕ್ತ, ಗುಜರಿ ಡಿಪೋಕ್ಕೆ ಕಳಿಸಲಾಗಿದೆ ಎಂದು ರಜಿಸ್ಟರಿನಲ್ಲಿ ಬರೆಸಿದರು. ಒಯ್ಯಲು ಯಾರೂ ಬರಲಿಲ್ಲ. ಹಳಿಯ ತುಂಡು ಕೊಂಡಿಗೆ ತೂಗಿಕೊಂಡೇ ಉಳಿಯಿತು. ಘೋಷಣೆಯ ಯಂತ್ರ ಎರಡು ತಿಂಗಳು ಮೂರು ಭಾಷೆಯಲ್ಲಿ ಕ್ಷಮೆ ಕೇಳಿ ಆಮೇಲೆ ಬಾಯಿ ಮುಚ್ಚಿತು. ಮುಚ್ಚದಿದ್ದಾಗಲೂ ಅದರ ದನಿ ಪ್ಲಾಟ್‌ಫಾರ್ಮ್ ದಾಟುತ್ತಿರಲಿಲ್ಲ. ಹೆಂಗಸರು ಬೈದರು, ಬೀರಪ್ಪ ಬಂದು ಕೇಳಿಕೊಂಡ. ನಾವು ಬಾರಿಸುವುದನ್ನು ಮುಂದುವರಿಸಿದೆವು. ಮಾಡಬಾರದ್ದನ್ನು ಮಾಡುತ್ತಿದ್ದೇನೆ ಎಂದು ನನಗೆ ಆಗ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ.

ಆಮೇಲೆ ಜೋಡಿ ಹಳಿಯ ಕೆಲಸ ಬಂತು. ಜೊತೆಗೆ, ಗೇಟಿಲ್ಲದ ದಾಟುಗಳನ್ನೆಲ್ಲ ಮುಚ್ಚಬೇಕು, ಹಳಿಯ ಕೆಳಗೆ ಸುರಂಗದ ದಾರಿ ಮಾಡಬೇಕು ಎಂದು ಆದೇಶ. ಆದೇಶ ಒಳ್ಳೆಯದೇ, ಅದರಿಂದ ಎಷ್ಟೋ ಜನರ ಜೀವ ಉಳಿದಿರಬೇಕು. ಆದರೆ ನಮ್ಮಲ್ಲಿ ಅದನ್ನು ಮಾಡಿದ ರೀತಿ ನೋಡಿದ್ದರೆ ನಿಮ್ಮ ಹೊಟ್ಟೆಯೂ ಉರಿಯುತ್ತಿತ್ತು. ಅಳತೆ ಮಾಡಲು ಬಂದ ಎಂಜಿನಿಯರನ ಮುಂದೆ ಬೀರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋಗಿ ನಿಂತ. ನಾನೂ ಅಲ್ಲಿದ್ದೆ.

"ಸಾಹೇಬ್ರ, ಇಲ್ಲಿ ತೆಗ್ಗ ತೋಡಬ್ಯಾಡ್ರಿ. ಕಾಲುವಿ ನೀರ ಬಸದ ಇಲ್ಲೇ ಬರತೈತಿ. ಬ್ಯಾಸಗ್ಯಾಗ ಸೈತ ಇಲ್ಲಿ ಮಣ್ಣ ಒಣಗೂದಿಲ್ರಿ. ಆ ಗುಡ್ಡದ ಬಾಜೂಕ ಮಾಡಿದ್ರ ನೀರ ನಿಲ್ಲೂದಿಲ್ಲ."

ಎಂಜಿನಿಯರ್ ನನ್ನ ಕಡೆ ನೋಡಿ ನಕ್ಕ. "ಇವರಿಗೂ ಒಂದು ನಕ್ಷೆ ಕೊಡ್ರಿ ಮಾಸ್ತರ, ತಿದ್ದಿ ಕೊಡಲಿ," ಎಂದ. ಬೀರಪ್ಪನಿಗೆ ಆ ಅಪಹಾಸ್ಯ ತಿಳಿಯದೆ ಇರಲಿಲ್ಲ. ಕಂಬಳಿ ಸರಿಮಾಡಿಕೊಂಡು ಕುರಿಯ ಕಡೆ ನಡೆದ.

ಮೊದಲ ಮಳೆಗಾಲಕ್ಕೇ ಸುರಂಗದಲ್ಲಿ ಎದೆಮಟ್ಟ ನೀರು ನಿಂತಿತು. ಮಳೆ ಹೋದ ಮೇಲೂ ಮೊಣಕಾಲುಮಟ್ಟ ಉಳಿಯಿತು. ಕಬ್ಬಿನ ಟ್ರ್ಯಾಕ್ಟರುಗಳು ಅದರಲ್ಲಿ ಸಿಕ್ಕಿಹಾಕಿಕೊಂಡವು. ಶಾಲೆಗೆ ಹೋಗುವ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಹಳಿಯ ಮೇಲೆ ಹತ್ತಿ ಇಳಿದರು. ನೀರು ತೆಗೆಯಲು ಪಂಪ್ ಕೂರಿಸಿದರು, ಅದಕ್ಕೆ ಕರೆಂಟ್ ಕೊಡಲಿಲ್ಲ. ನಾನು ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ಸದರಿ ಸ್ಥಳದಲ್ಲಿ ನೀರು ನಿಲ್ಲುತ್ತಿಲ್ಲವೆಂದು ಸಂಬಂಧಪಟ್ಟ ವಿಭಾಗದಿಂದ ವರದಿ ಬಂದಿರುತ್ತದೆ. ಕಿಟಕಿಯಿಂದ ನೋಡಿದರೆ ಆ ಇಲ್ಲದ ನೀರಿನಲ್ಲಿ ಎಮ್ಮೆಗಳು ಮಲಗಿದ್ದವು.

ಕುರಿ ಕತ್ತಲಿರುವ ನೀರಿಗೆ ಇಳಿಯುವುದಿಲ್ಲ. ಕುರಿ ಕಾಯ್ದ ಯಾರನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದರು, ಇಲಾಖೆಯವರು ಕೇಳಲಿಲ್ಲ. ಬೀರಪ್ಪ ಎರಡು ದಿನ ಹೆಣಗಿದ. ಲಗಮವ್ವ ಮರಿಗಳನ್ನು ಒಂದೊಂದಾಗಿ ಹೊತ್ತು ದಾಟಿಸಿದಳು. ಮೂರನೆಯ ದಿನ ಹಿಂಡು ಹಳೆಯ ಹಾದಿಗೇ ಬಂದು, ಕಿತ್ತು ಹಾಕಿದ್ದ ಬಿಳಿ ಕಲ್ಲಿನ ಜಾಗದಲ್ಲಿ ನಿಂತಿತು. ಸಾವಳ್ಯಾ ಸ್ಟೇಶನ್ನಿನ ಕಡೆ ಮುಖ ಮಾಡಿ ಕಾಯುತ್ತಿತ್ತು.

ನಾನೇನು ಮಾಡಬೇಕಾಗಿತ್ತು? ಹಳಿ ಈಗ ಎರಡು. ಒಂದು ಗಾಡಿ ಹೋಯಿತೆಂದರೆ ಇನ್ನೊಂದು ಹಳಿಯ ಮೇಲೆ ಎದುರಿನಿಂದ ಬರುತ್ತಿರಬಹುದು. ದಸ್ತಗೀರನೂ ನಾನೂ ಕೂತು ಮಾತಾಡಿಕೊಂಡೆವು. ಎರಡೂ ಹಳಿ ಖಾಲಿಯಾದಾಗ ಮಾತ್ರ ಎರಡು ಪೆಟ್ಟು, ಇಲ್ಲದಿದ್ದರೆ ಕೈ ಎತ್ತುವುದೇ ಬೇಡ. ಇದನ್ನು ಬೀರಪ್ಪನಿಗೂ ಹೇಳಿದೆವು. ಎರಡು ಸುಗ್ಗಿ ಹೀಗೆಯೇ ಸುಸೂತ್ರವಾಗಿ ಹೋದವು.

ಮೂರನೆಯ ಸುಗ್ಗಿಯ ಒಂದು ಬೆಳಿಗ್ಗೆ, ಒಂಬತ್ತು ದಾಟಿತ್ತು. ದಸ್ತಗೀರ ಮಗಳನ್ನು ಕರೆತರಲು ರಜೆ ಹಾಕಿ ಹೋಗಿದ್ದ. ಅವನ ಬದಲಿಗೆ ಬಂದವನು ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯ ಸ್ವಿಚ್ ಕೋಣೆಯಲ್ಲಿದ್ದ. ಮಿರಜಿನ ಕಡೆಯಿಂದ ಪ್ಯಾಸೆಂಜರ್ ಬಂದು ಬೆಳಗಾವಿಯ ಕಡೆ ಹೊರಟಿತು. ಎರಡನೆಯ ಹಳಿಯ ಮೇಲೆ ಬೆಳಗಾವಿಯ ಕಡೆಯಿಂದ ಒಂದು ಗೂಡ್ಸ್ ಗಾಡಿ ನಿಲ್ಲದೆ ಮಿರಜಿಗೆ ಹೋಗುವುದಿತ್ತು, ಅದಕ್ಕೆ ನಾನೇ ಸಿಗ್ನಲ್ ಕೊಟ್ಟಿದ್ದೆ. ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಫೋನ್. ಗಾಡಿಯ ವಿಷಯವಲ್ಲ. ಸ್ವಚ್ಛತೆಯ ಬ್ಯಾನರ್ ಕಟ್ಟಿ ಅದರ ಫೋಟೋ ಕಳಿಸಬೇಕಿತ್ತು, ಎಲ್ಲ ಸ್ಟೇಶನ್ನಿನದೂ ಬಂದಿದೆ, ನಿಮ್ಮದೊಂದೇ ಬಂದಿಲ್ಲ, ಹತ್ತು ನಿಮಿಷದಲ್ಲಿ ಸಾಹೇಬರ ಮೀಟಿಂಗ್, ಈಗಿಂದೀಗ ಕಳಿಸಿ ಎಂದು ಒಂದೇ ಸಮನೆ ಕೂಗಾಟ. ಗಾಡಿ ಪಾಸಾಗಲಿ ಎಂದೆ. "ಫೋಟೋ ಮೊದಲ ಕಳಸ್ರಿ," ಎಂದರು.

ನಾನು ಮೊಬೈಲ್ ಹಿಡಿದು ಹೊರಗೆ ಬಂದೆ. ಬ್ಯಾನರ್ ಗೋಡೆಯ ಮೇಲೆ ಒಂದು ಬದಿ ಕಳಚಿ ನೇತಾಡುತ್ತಿತ್ತು. ಅದರ ಕಡೆ ಹೋಗುವ ದಾರಿಯಲ್ಲೇ ಗಂಟೆ. ಪ್ಯಾಸೆಂಜರ್ ಹೋಗಿ ಆಗಿತ್ತು. ಪ್ಯಾಸೆಂಜರ್ ಹೋದ ಮೇಲೆ ಕೈ ಏನು ಮಾಡಿ ರೂಢಿಯಾಗಿತ್ತೋ ಅದನ್ನೇ ಮಾಡಿತು. ಗಂಟೆ ಬಾರಿಸಲೆಂದು ಅಲ್ಲೇ ಇಟ್ಟಿದ್ದ ಕಬ್ಬಿಣದ ಬೋಲ್ಟನ್ನು ಎತ್ತಿ ಎರಡು ಪೆಟ್ಟು ಬಾರಿಸಿದೆ. ಬ್ಯಾನರಿನ ಬದಿ ಎತ್ತಿ ಕಟ್ಟುತ್ತಿದ್ದಾಗ ಬೆನ್ನ ಹಿಂದೆ ಗೂಡ್ಸ್ ಗಾಡಿಯ ಹಾರ್ನ್ ಕೇಳಿತು.

ಓಡಿದೆ. ಕೆಂಪು ಬಾವುಟ ಬೀಸಿದೆ. ತುಂಬಿದ ಗೂಡ್ಸ್ ಗಾಡಿ ಬಾವುಟ ಕಂಡ ಕೂಡಲೇ ನಿಲ್ಲುವಂಥದ್ದಲ್ಲ. ಎಂಜಿನ್ ನನ್ನನ್ನು ದಾಟಿ ಹೋಗುವಾಗ ದೂರದಲ್ಲಿ ಬೀರಪ್ಪ ಕಂಡ. ಅವನು ಗಾಡಿಯನ್ನು ನೋಡಿದ್ದ. ಹಿಂಡಿನ ಮುಂದೆ ಓಡಿ ಹೋತದ ಕೊಂಬು ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದ. ಸಾವಳ್ಯಾ ಕೊಸರಿಕೊಂಡು ಮುಂದಕ್ಕೇ ಹೋಯಿತು. ಅದಕ್ಕೆ ಗಂಟೆ ಕೇಳಿಸಿತ್ತಲ್ಲ. ಲಗಮವ್ವ, ನಾಯಿ ಸೇರಿ ಹಿಂದಿನ ಕುರಿಗಳನ್ನು ತಡೆದರು. ಬೀರಪ್ಪ ಕೊನೆಯ ಗಳಿಗೆಯಲ್ಲಿ ಹೊರಳಿ ಜಲ್ಲಿಕಲ್ಲಿನ ಮೇಲೆ ಬಿದ್ದ. ಹೋತ, ಅದರ ಹಿಂದೆ ಹನ್ನೊಂದು ಕುರಿ ಗಾಡಿಯ ಕೆಳಗೆ ಹೋದವು.

ನಾನು ಹತ್ತಿರ ಹೋದಾಗ ಅವನು ಕಲ್ಲಿನ ಮೇಲೆಯೇ ಕೂತಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ನನ್ನ ಮುಖ ನೋಡಿ ಒಂದೇ ಮಾತು ಕೇಳಿದ.

"ಎರಡ ಬಾರಸಿದ್ರಿ ಅಲ್ರಿ ಸಾಹೇಬ್ರ?"

"ಹೂಂ, ಬೀರಪ್ಪ. ಬಾರಿಸಿದೆ."

ಅವನು ತಲೆಯಾಡಿಸಿದ. ಬೈಯಲಿಲ್ಲ. ತನ್ನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು ಎಂಬುದಷ್ಟೇ ಅವನಿಗೆ ಖಾತ್ರಿಯಾಗಬೇಕಿತ್ತೆಂದು ಕಾಣುತ್ತದೆ.

ಸ್ಟೇಶನ್ನಿಗೆ ಬಂದು ನಾನು ನಡೆದದ್ದನ್ನು ನಡೆದ ಹಾಗೆ ವರದಿ ಬರೆದೆ. ಫೋಟೋದ ಫೋನ್, ಗಂಟೆ, ನನ್ನ ತಪ್ಪು, ಸುರಂಗದ ನೀರು, ಎಲ್ಲವನ್ನೂ ಬರೆದೆ. ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನೇನಲ್ಲ, ಆದರೆ ಕಾಗದ ಕೆಡಬಾರದು ಎಂಬುದೊಂದೇ ಅವನ ಧರ್ಮ. ನಿಂತುಕೊಂಡೇ ಓದಿ ಕನ್ನಡಕ ತೆಗೆದ.

"ಯಾವ ಗಂಟಿ ಇದು?"

ಕಿಟಕಿಯಿಂದ ಕೈಮಾಡಿ ತೋರಿಸಿದೆ.

"ಅದು ಐದಾರು ವರ್ಷದ ಹಿಂದ ಗುಜರಿಗೆ ಹೋಗೈತಿ. ನಿಮ್ಮದ ಸಹಿ ಐತಿ ರಜಿಸ್ಟರ್‌ನ್ಯಾಗ. ಗುಜರಿಗೆ ಹೋದ ಗಂಟಿ ನೀವು ಹ್ಯಾಂಗ ಬಾರಸ್ತೀರಿ?"

"ಕಣ್ಣ ಮುಂದ ತೂಗಾಕತ್ತೈತಲ್ರಿ."

"ಕಣ್ಣ ಮುಂದ ಇರೂದು ಬ್ಯಾರೆ, ದಾಖಲೆ ಬ್ಯಾರೆ. ನೀರ ನಿಂತೈತಿ ಅಂತ ಬರದೀರಿ, ನಿಂತಿಲ್ಲ ಅಂತ ವರದಿ ಐತಿ. ಇದನ್ನ ನಾ ಮ್ಯಾಲ ಕಳಿಸಿದ್ರ ನಿಮ್ಮನ್ನ ಇವತ್ತ ಸಸ್ಪೆಂಡ್ ಮಾಡ್ತಾರ. ರಿಟೈರ್ ಆಗಾಕ ಏಳ ತಿಂಗಳ ಉಳದಾವ. ಪಿಂಚಣಿ ಬ್ಯಾಡೇನ್ರಿ ನಿಮಗ? ಕುರಿ ಅತಿಕ್ರಮಣ ಮಾಡ್ಯಾವ, ಕುರಿಗಾರ ಅಜಾಗರೂಕತೆ ಮಾಡ್ಯಾನ. ಎರಡ ಸಾಲ ಬರದ ಕೊಡ್ರಿ, ಮುಗಿತು."

"ಅಂವಗ ಖಟ್ಲೆ ಆಗ್ತದಲ್ರಿ."

"ದಂಡ ಕಟ್ಟಿ ಹೋಗ್ತಾನ. ಅಂವಗೇನ ನೌಕರಿ ಐತೇನು, ಹೋಗಾಕ?"

ಈ ಕೊನೆಯ ಮಾತಿಗೆ ಅವನ ಕಪಾಳಕ್ಕೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಕೂತು ಎರಡು ಸಾಲು ಬರೆದುಕೊಟ್ಟೆ. ನನ್ನ ಮೊದಲ ವರದಿಯನ್ನು ಅವನು ನನ್ನ ಮುಂದೆಯೇ ನಾಲ್ಕಾಗಿ ಹರಿದ. ಹೋಗುವ ಮೊದಲು ಬದಲಿ ಪಾಯಿಂಟ್ಸ್‌ಮನ್‌ನಿಂದ ಹಳಿಯ ತುಂಡನ್ನು ಇಳಿಸಿ ಜೀಪಿನಲ್ಲಿ ಹಾಕಿಕೊಂಡು ಹೋದ. ವರ್ಷಗಟ್ಟಲೆ ಯಾರೂ ಒಯ್ಯದ ಗಂಟೆಗೆ ಆ ದಿನ ಜೀಪು ಸಿಕ್ಕಿತು.

ಮರುದಿನ ದಸ್ತಗೀರ ರಜೆ ಮುಗಿಸಿ ಬಂದವನು ಖಾಲಿ ಕೊಂಡಿಯ ಕೆಳಗೆ ನಿಂತ. ಊರಲ್ಲಿ ಅವನಿಗೆ ಸುದ್ದಿ ತಿಳಿದಿತ್ತು.

"ಏನ ಬರದ್ರಿ ಸಾಹೇಬ್ರ?"

ಹೇಳಿದೆ. ಅವನು ಹರವಿಗೆ ನೀರು ತುಂಬಲು ಹೋದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ದಿನ ಅವನು ನನಗೆ ಚಹಾ ತರಲಿಲ್ಲ.

ಹಳಿಯ ಮೇಲೆ ಅತಿಕ್ರಮ ಪ್ರವೇಶ, ಗಾಡಿಗೆ ಅಪಾಯ ತಂದದ್ದು ಎಂದು ಬೀರಪ್ಪನ ಮೇಲೆ ಕೇಸಾಯಿತು. ಕುರಿಗಾರನಿಗೆ ಕೋರ್ಟಿನ ತಾರೀಖು ಎಂದರೆ ಏನು ಎಂದು ಇನ್‌ಸ್ಪೆಕ್ಟರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹಿಂಡು ನಿಂತಲ್ಲಿ ನಿಲ್ಲುವುದಿಲ್ಲ. ಕಬ್ಬಿನ ಹೊಲಗಳಿಗೆ ನೀರು ಬಿಡಲು ಶುರುಮಾಡಿದ್ದರು, ಎಲ್ಲರೂ ಹಿಂಡು ಎಬ್ಬಿಸಿ ಕೃಷ್ಣೆ ದಾಟಿದ್ದರು. ಬೀರಪ್ಪ ಮಾತ್ರ ಲಗಮವ್ವನ ಜೊತೆ ಮೇವಿಲ್ಲದ ಗುಡ್ಡದ ಬುಡದಲ್ಲಿ ಉಳಿದುಕೊಂಡ. ಇನ್ನೂ ಎರಡು ತಾರೀಖು ಬಿದ್ದರೆ ಉಳಿದ ಕುರಿಗಳೂ ಸೊರಗಿ ಸಾಯುತ್ತಿದ್ದವು. ಕೋರ್ಟಿನಲ್ಲಿ ಗಂಟೆಯ ಮಾತು ಬಂದಿದ್ದರೆ ಅವನ ಮೇಲಿನ ಖಟ್ಲೆ ಬಿದ್ದುಹೋಗುತ್ತಿತ್ತು. ಅದನ್ನು ಹೇಳಬೇಕಾದವನು ನಾನು.

ಕೋರ್ಟಿನಲ್ಲಿ ನಾನು ಇಲಾಖೆಯ ಸಾಕ್ಷಿ. ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಬೀರಪ್ಪ ಕಂಬಳಿಯನ್ನು ಹೊರಗಿಟ್ಟು ಕೈಮುಗಿದು ಕಟಕಟೆಯಲ್ಲಿ ನಿಂತ. ನ್ಯಾಯಾಧೀಶರು ವಯಸ್ಸಾದ ಹೆಣ್ಣುಮಗಳು, ತಾಳ್ಮೆಯಿಂದ ಕೇಳಿದರು.

"ಇಷ್ಟ ವರ್ಷ ಕುರಿ ಕಾದಾಂವ ನೀ. ಗಾಡಿ ಬರೂದು ಕಾಣಲಿಲ್ಲೇನು? ಯಾಕ ದಾಟಿಸಿದಿ? ದಾಟು ಅಂತ ಯಾರರ ಹೇಳಿದ್ರೇನು, ಸನ್ನೆ ಮಾಡಿದ್ರೇನು?"

ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಲಾರರು. ಬೀರಪ್ಪ ನನ್ನ ಕಡೆ ನೋಡಿದ. ಈಗ ಹೇಳುತ್ತಾನೆ, ಹೇಳಲಿ, ಅವನು ಹೇಳಿದರೆ ನಾನೂ ಎದ್ದು ಹೌದೆನ್ನುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಆ ಕ್ಷಣದಲ್ಲೂ ಮೊದಲ ಹೆಜ್ಜೆ ಅವನೇ ಇಡಲಿ ಎಂದು ಕಾಯುತ್ತಿದ್ದೆ.

"ಯಾರೂ ಇಲ್ರಿ ಅವ್ವಾರ. ಗಂಟಿ ಗಿಂಟಿ ಏನೂ ಕೇಳಿಲ್ರಿ ನಾ. ನಂದ ತಪ್ಪ," ಎಂದ.

ಗಂಟೆ ಎಂಬ ಮಾತನ್ನು ಅಲ್ಲಿ ಯಾರೂ ಎತ್ತಿರಲೇ ಇಲ್ಲ. ನ್ಯಾಯಾಧೀಶರು ಒಂದು ಕ್ಷಣ ಪೆನ್ನು ತಡೆದು ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ಟೊಪ್ಪಿಗೆ ನೋಡುತ್ತ ಕೂತೆ. ಅವರು ಬರೆದುಕೊಂಡರು. ದಂಡ ಹಾಕಿದರು.

ಹೊರಗೆ ಲಗಮವ್ವ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದಳು. ನಾನು ಹೋಗಿ ನಿಂತೆ. ದಂಡ ನಾನು ಕಟ್ಟುತ್ತೇನೆ ಎಂದೆ. ಅವಳು ಕೈ ಅಡ್ಡ ಆಡಿಸಿದಳು.

"ಯಾಕ ಹಂಗ ಅಂದಿ ಬೀರಪ್ಪ? ಗಂಟಿ ಬಾರಿಸಿದ್ದು ಹೇಳಬೇಕಿತ್ತು," ಎಂದೆ. ಇದನ್ನು ಕೇಳಲು ನನಗೆ ನಾಚಿಕೆಯಾಗಬೇಕಿತ್ತು.

ಅವನು ರೊಟ್ಟಿ ಮುರಿಯುತ್ತ ಹೇಳಿದ. "ಅಷ್ಟ ವರ್ಷ ನಮ್ಮ ಸಲುವಾಗಿ ಬಾರಸಿದ್ರಿ. ರೂಲ ಇರಲಿಲ್ಲಂತ, ಆದ್ರೂ ಬಾರಸಿದ್ರಿ. ಒಂದ ದಿನ ತಪ್ಪೇತಿ. ಅದನ್ನ ಹಿಡದ ನಿಮ್ಮ ನೌಕರಿ ಹ್ಯಾಂಗ ಕಳೀಲ್ರಿ? ಆ ಇನ್‌ಸ್ಪೆಕ್ಟರ್ ಸಾಹೇಬ ನನಗ ಮೊದಲ ಹೇಳಿದ್ದ, ಗಂಟಿ ಅಂದ್ರ ಮಾಸ್ತರ ಮನಿಗೆ ಹೋಗ್ತಾರ ಅಂತ. ಕುಂದರ್ರಿ, ರೊಟ್ಟಿ ತಿನ್ರಿ."

ಲಗಮವ್ವ ನನ್ನ ಕೈಯಲ್ಲಿ ರೊಟ್ಟಿ ಇಟ್ಟಳು. ತಿಂದೆ. ಅದನ್ನು ನುಂಗಿದ ಗಂಟಲಿನ ಬಗ್ಗೆ ನನಗೆ ಇಂದಿಗೂ ಅಸಹ್ಯವಿದೆ. ಅವರು ಮರುದಿನ ನಸುಕಿನಲ್ಲಿ ಹಿಂಡು ಎಬ್ಬಿಸಿದರು. ಮುಂದಿನ ಸುಗ್ಗಿಗೆ ಆ ಕಡೆ ಬರಲಿಲ್ಲವೆಂದು ಆಮೇಲೆ ಕೇಳಿದೆ.

ಏಳು ತಿಂಗಳಿಗೆ ನಾನು ನಿವೃತ್ತನಾದೆ. ಶಾಲು ಹೊದಿಸಿದರು. ಅದೇ ಇನ್‌ಸ್ಪೆಕ್ಟರ್ ಭಾಷಣ ಮಾಡಿ, ಒಂದೂ ಕಪ್ಪು ಚುಕ್ಕೆ ಇಲ್ಲದ ಸೇವೆ ಎಂದ. ದಸ್ತಗೀರ ಹಿಂದಿನ ಸಾಲಿನಲ್ಲಿ ನಿಂತಿದ್ದ, ಚಪ್ಪಾಳೆ ತಟ್ಟಲಿಲ್ಲ. ಅವನಿಗೆ ನಾನು ಋಣಿ.

ತಂಗಿ, ಈ ಕೆಲಸಕ್ಕೆ ಬಂದಿದ್ದೀ. ನಿನ್ನ ರಜಿಸ್ಟರಿನಲ್ಲೂ ಇಲ್ಲದ ಯಂತ್ರಗಳು ಇರುತ್ತವೆ, ಇರುವ ನೀರು ಇರುವುದಿಲ್ಲ. ಮೊದಲ ಸಲ ಸುಳ್ಳಿಗೆ ಸಹಿ ಹಾಕುವಾಗ ಅದು ಹೂವಿನ ಕುಂಡದ ವಿಷಯವಾಗಿರುತ್ತದೆ, ನಗು ಬರುತ್ತದೆ. ಆಮೇಲೆ ಕೈಗೆ ಅದೇ ರೂಢಿಯಾಗುತ್ತದೆ. ನೀನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೆಳಗೆ ಬರೆದಿದ್ದೇನೆ. ಆ ದಿನ ಹರಿದುಹೋದ ವರದಿಯ ತಿರುಳು ಇಷ್ಟೇ. ಇದರ ಒಂದೊಂದು ಪ್ರತಿಯನ್ನು ಸಹಿ ಮಾಡಿ ನಿನ್ನ ಮೇಲಿನ ಆಫೀಸಿಗೂ, ಆ ಕೋರ್ಟಿಗೂ ಇವತ್ತೇ ಅಂಚೆಗೆ ಹಾಕುತ್ತೇನೆ. ಪಿಂಚಣಿ ನಿಲ್ಲಿಸುವುದಿದ್ದರೆ ನಿಲ್ಲಿಸಲಿ.

ಪ್ಲಾಟ್‌ಫಾರ್ಮ್ ತೊಲೆಯ ಕೊಂಡಿಗೆ ಗಂಟೆ ಇತ್ತು. ಹಳಿ ಖಾಲಿ ಇಲ್ಲದಾಗ ಖಾಲಿ ಎಂದು ಎರಡು ಪೆಟ್ಟು ಬಾರಿಸಿದವನು ನಾನು. ಕುರಿಗಾರ ಬೀರಪ್ಪನದು ಯಾವ ತಪ್ಪೂ ಇಲ್ಲ. ಅವನ ಹೋತ ನನ್ನನ್ನು ನಂಬಿತ್ತು.